ಫ್ಯಾನಿಗೆ ಎಷ್ಟು ದೂರ?

ಗಣಿತದ ಪುಸ್ತಕದಲ್ಲಿ ಬೇರಿಂಗ್ ಲೆಕ್ಕ ಬಂತೆಂದರೆ ಒಂದು ಹಡಗು ಬಂದರು ಬಿಟ್ಟು ಹೊರಟೇ ಹೊರಡುತ್ತದೆ. ನಮ್ಮ ಚಿಗಟೇರಿಗೆ ಕಡಲೆಲ್ಲಿಂದ ತರುವುದು? ನಾರದಮುನಿಯ ಗುಡಿಯಿರುವ ಊರು, ಮೂರು ಲೋಕ ಸುತ್ತಿದವನಿಗೆ ದಿಕ್ಕಿನ ಲೆಕ್ಕ ಗೊತ್ತಿದ್ದೀತು. ನನಗಂತೂ ಹಡಗಿನ ಬದಲು ಗುಡ್ಡದ ಮೇಲಿನ ಗಾಳಿ ಫ್ಯಾನೇ ಸಾಕು.

ಬೇರಿಂಗ್ ಎಂದರೆ ದಿಕ್ಕಿನ ಕೋನ, ಬಡಗಲಿಂದ ಬಲಕ್ಕೆ ಸುತ್ತುತ್ತ ಡಿಗ್ರಿಗಳಲ್ಲಿ ಎಣಿಸಬೇಕು: ಮೂಡಲು 90, ತೆಂಕಲು 180, ಪಡುವಲು 270. ಬಂಡಿದಾರಿಯ ಪಡುವಲ ತುದಿಯಲ್ಲಿ ನಿಂತು ದಿಕ್ಸೂಚಿ ಹಿಡಿದರೆ ದಾರಿ 90ಕ್ಕೆ, ಫ್ಯಾನು 165ಕ್ಕೆ. ಕಳೆದರೆ 75. ಒಂದು ಕಿಲೋಮೀಟರ್ ನಡೆದು ಮೂಡಲ ತುದಿಯಿಂದ ನೋಡಿದರೆ ಫ್ಯಾನು 182ಕ್ಕೆ. ಈಗ ಬಂದ ದಾರಿಯತ್ತ ತಿರುಗಬೇಕು. ನನಗೆ ತುಂಬ ಇಷ್ಟವಾದ ಗಳಿಗೆ ಇದು. ಆ ದಾರಿ 270ಕ್ಕಿದೆ, 182 ಕಳೆದರೆ 88. ಸೂಜಿ ನಿಜವಾದ ಬಡಗಲಿನಿಂದ ತುಸು ವಾಲಿದ್ದರೂ ಚಿಂತೆಯಿಲ್ಲ, ಎಲ್ಲ ಓದಿಗೂ ಒಂದೇ ವಾಲು, ಕಳೆಯುವಾಗ ಅಳಿಸಿಹೋಗುತ್ತದೆ. ಮೂರನೆಯ ಕೋನ ಫ್ಯಾನಿನ ಬುಡದಲ್ಲಿದೆ. ಮೂರೂ ಕೂಡಿದರೆ 180 ಆಗಬೇಕಲ್ಲ, ಗುಡ್ಡ ಹತ್ತದೆಯೇ ಅದು 17 ಡಿಗ್ರಿ ಎಂದು ಗೊತ್ತು! 88ರ ಸೈನನ್ನು 17ರ ಸೈನಿನಿಂದ ಭಾಗಿಸಿದರೆ ಮೊದಲು ನಿಂತ ಜಾಗದಿಂದ ಫ್ಯಾನಿಗೆ 3.42 ಕಿಲೋಮೀಟರ್.

"ಹೊಲದಾಗ ರೋಡ್ ಬರ್ತತೇನ್ರೀ ಸರ?" ಎಂದು ಎತ್ತು ನಿಲ್ಲಿಸಿ ಕೇಳುವವರಿಗೆ ಇದನ್ನೆಲ್ಲ ಹೇಳಿ ನಂಬಿಸುವುದು ಕಷ್ಟ. ಕೈಯಲ್ಲಿ ಅಳತೆಯ ಸಾಮಾನು ಕಂಡರೆ ಜಮೀನು ಹೋಯಿತೆಂದೇ ಲೆಕ್ಕ.

ಆದರೆ 182ರ ಬದಲು 181 ಎಂದು ಓದಿದರೆ ಉತ್ತರ 3.63ಕ್ಕೆ ಜಿಗಿಯುತ್ತದೆ. ಒಂದೇ ಡಿಗ್ರಿಗೆ 200 ಮೀಟರ್! ತುದಿಯ ಕೋನ ಚೂಪಾದಷ್ಟೂ ಉತ್ತರ ಮೊಂಡು. ನಡೆದ ದಾರಿಯೇ ತ್ರಿಕೋನದ ತಳ; ಒಂದರ ಬದಲು ಮೂರು ಕಿಲೋಮೀಟರಿನ ತಳ ಸಿಕ್ಕರೆ ಅದೇ ವ್ಯತ್ಯಾಸ ನೂರು ಮೀಟರಿನೊಳಗೆ ಇಳಿಯುತ್ತದೆ.

ಇದೇ ಲೆಕ್ಕದಿಂದ ನಾಡನ್ನು ಅಳೆದ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಬಳಿ ತಳರೇಖೆ ಅಳೆದು, ತ್ರಿಕೋನಕ್ಕೆ ತ್ರಿಕೋನ ಪೋಣಿಸುತ್ತ ಪಡುವಲಿಗೆ ಬಂದ. 1804ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕ ಇನ್ನೊಂದು ತಳರೇಖೆಯನ್ನು ಸರಪಳಿ ಹಾಸಿ ಅಳೆದು ನೋಡಿದರೆ, ಲೆಕ್ಕಕ್ಕೂ ನೆಲಕ್ಕೂ ನಾಲ್ಕು ಇಂಚಿನ ಅಂತರವೂ ಇಲ್ಲ. ಅವನ ಥಿಯೊಡೊಲೈಟ್ ಅರ್ಧ ಟನ್ ತೂಗುತ್ತಿತ್ತು, ನನ್ನದು ಜೇಬಿನ ದಿಕ್ಸೂಚಿ. ಹಾಗಾಗಿ ತಳ ಉದ್ದ ಮಾಡುವುದೊಂದೇ ಉಪಾಯ. ಬಂಡಿದಾರಿ ಮುಗಿದಲ್ಲಿ ಮೆಕ್ಕೆಜೋಳದ ಹೊಲ. ಬದುವಿನ ಮೇಲೆ ನಡೆಯಬಹುದು, ಆದರೆ ಆಳೆತ್ತರದ ಬೆಳೆಯಲ್ಲಿ, ನೇರ ತಪ್ಪದಿರಲೆಂದು ಹಿಂದೆ ನೆಟ್ಟ ಗೂಟ ಕಾಣದು. ಕಟಾವು ಮುಗಿಯಲಿ.