ಅಪ್ಪನ ಗಿಲಾಸು ಮತ್ತು 6 ಕಿಲೋ ಕಾಗದ



ಹೋದ ತಿಂಗಳು ಬೆಂಗಳೂರಿಗೆ ಹೋಗಿ ಬಂದೆ. ಏನಾಯ್ತು ಅಂತ ಭಾಳ ಮಂದಿ ಕೇಳಿದ್ರಿ. ಸಮ್ಮೇಳನದ ವರದಿಯನ್ನು ಬೇರೆ ಗೆಳೆಯರು ಆಗಲೇ ಹಾಕಿದ್ದಾರೆ, ನಾನು ಮತ್ತೆ ಬರೆಯೋದಿಲ್ಲ. ಹೊರಡುವ ಹಿಂದಿನ ರಾತ್ರಿ ಬಸವಕಲ್ಯಾಣದ ನಮ್ಮ ಮನೆಯಲ್ಲಿ ಒಂದು ಬ್ಯಾಗಿನ ಮುಂದೆ ಕೂತು ನಾವು ಮೂವರು ಹೆಣ್ಮಕ್ಕಳು ಮಾಡಿದ ಜಗಳದ ಬಗ್ಗೆ ಬರೀಬೇಕಾಗಿದೆ. ಉದ್ದ ಅದ. ಪುರುಸೊತ್ತಿದ್ದವರು ಓದ್ರಿ.

ದಲಿತರ ಸ್ಮಶಾನ ಭೂಮಿ ಕುರಿತು ಎರಡು ದಿನದ ಸಮ್ಮೇಳನ. ನಾನು ಕೆಲಸ ಮಾಡುವ ಸಂಸ್ಥೆಯಿಂದ ನಾನೇ ಹೋಗಬೇಕಿತ್ತು, ಮಾತಾಡಲು 20 ನಿಮಿಷ. ನಮ್ಮಣ್ಣನ ಮಗಳು ಬಿಎ ಎರಡನೇ ವರ್ಷ ಓದ್ತಾಳೆ. ಅವಳನ್ನೂ ಜೊತೆಗೆ ಕರ್ಕೊಂಡು ಹೊರಟಿದ್ದೆ. ಸಂಘಟಕರು ವಾಟ್ಸಾಪಿನಲ್ಲಿ ಕಳಿಸಿದ್ದರು: ಊಟ, ವಸತಿ ವ್ಯವಸ್ಥೆ ಇದೆ, ಒಂದು ರೂಮಿಗೆ ನಾಲ್ಕು ಜನ, ದಯವಿಟ್ಟು ಕಡಿಮೆ ಲಗೇಜ್ ತನ್ನಿ.

ಸ್ಲೀಪರ್ ಬೋಗಿಯಲ್ಲಿ ಒಬ್ಬರಿಗೆ 40 ಕಿಲೋ ತನಕ ಪುಕ್ಕಟೆ ಒಯ್ಯಬಹುದು. ರೈಲ್ವೆಯವರು ಉದಾರಿಗಳು. ನನ್ನ ಬೆನ್ನು ಅಷ್ಟು ಉದಾರ ಇಲ್ಲ. ಎರಡು ವರ್ಷದ ಹಿಂದೆ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು, "ಇನ್ಮ್ಯಾಲೆ ಭಾರ ಎತ್ತಬ್ಯಾಡ್ರಿ ಅಕ್ಕೋರೆ" ಅಂದಿದ್ದಾರೆ. ಹಿಂಗಾಗಿ ಒಂದೇ ಬ್ಯಾಗ್ ಅಂತ ನಿರ್ಧಾರ ಮಾಡಿದ್ದೆ. ಎರಡು ಸೀರೆ, ಬಿಪಿ ಗುಳಿಗೆ, ಚಾರ್ಜರ್, ಮತ್ತೆ ಕಾಗದ.

ಕಾಗದ ಅಂದ್ರೆ ಮೂರು ಊರಿನ ಫೈಲು. ಪಹಣಿ, ಊರಿನ ನಕಾಶೆ, ಕಚೇರಿಗೆ ಕೊಟ್ಟ ಅರ್ಜಿಗಳ ಸ್ವೀಕೃತಿ, ಮಾಹಿತಿ ಹಕ್ಕಿನಲ್ಲಿ ಬಂದ ಉತ್ತರ, ಉತ್ತರ ಬರದೇ ಇದ್ದಾಗ ಹಾಕಿದ ಮೇಲ್ಮನವಿ. ಒಂದೂರಿನಲ್ಲಿ ನಮ್ಮವರು ಸತ್ತರೆ ಹಳ್ಳದ ದಂಡೆಗೆ ಒಯ್ತಾರೆ. ಮಳೆಗಾಲದಲ್ಲಿ ಹಳ್ಳ ಬಂತು ಅಂದ್ರೆ ಹೆಣ ಮನೆಯಲ್ಲಿ ಇಟ್ಕೊಂಡು ನೀರು ಇಳಿಯೋದನ್ನ ಕಾಯಬೇಕು. ಒಬ್ಬ ಮುದುಕಿಯ ಹೆಣ ಹಾಗೆ ಒಂದೂವರೆ ದಿನ ಕಾದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಊರಿಗೆ ಜಾಗ ಕೊಡ್ರಿ ಅಂತ ಬರೆದ ಕಾಗದಗಳಿವು. ಓಣಿಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿಸಿದೆ. 6 ಕಿಲೋ 200 ಗ್ರಾಂ. ಅಂಗಡಿಯವ ನಕ್ಕು, "ರದ್ದಿಗೆ ಹಾಕ್ತೀರೇನ್ರಿ ಬಾಯಿ?" ಅಂದ.

"ಎಲ್ಲಾ ಮೊಬೈಲಿನ್ಯಾಗ ಫೋಟೋ ಹೊಡ್ಕೊ ಅತ್ತಿ" ಅಂತ ಅಣ್ಣನ ಮಗಳು. ಹೊಡ್ಕೊಂಡಿದ್ದೆ. ಆದರೆ ಇಪ್ಪತ್ತು ವರ್ಷದ ಅನುಭವ ಹೇಳ್ತದ, ಅಧಿಕಾರಿ ಮುಂದೆ ಮೊಬೈಲು ಹಿಡಿದರೆ ಅವರು ಮೊಬೈಲನ್ನೇ ನೋಡ್ತಾರೆ. ಸೀಲು ಬಿದ್ದ ಹಾಳೆ ಮುಂದೆ ಇಟ್ಟರೆ ಕನ್ನಡಕ ಹಾಕ್ಕೊಳ್ತಾರೆ.

ಫೈಲು ಇಟ್ಟ ಮೇಲೆ ಬ್ಯಾಗು ಮುಕ್ಕಾಲು ತುಂಬಿತು. ಆಗ ಅವ್ವ ಬಂದು ತನ್ನ ಗಂಟು ತಂದಿಟ್ಟಳು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ದಪ್ಪನೆ ಚಾದರ, ಒಂದು ಸ್ಟೀಲ್ ತಾಟು, ಒಂದು ಸ್ಟೀಲ್ ಗಿಲಾಸು.

ಈ ಚಾದರ, ಗಿಲಾಸಿನ ಕಥಿ ಗೊತ್ತಿಲ್ಲದವರಿಗೆ ಹೇಳ್ತೀನಿ. 2011ರಲ್ಲಿ ಒಂದು ತರಬೇತಿಗೆ ಹೋಗಿದ್ದೆ. ಊರಿನ ಹೆಸರು ಬ್ಯಾಡ. ಲಾಡ್ಜ್ ಸಾಲದೆ ನಮ್ಮಲ್ಲಿ ಕೆಲವರನ್ನು ಹಿತೈಷಿಗಳ ಮನೆಗೆ ಹಂಚಿದರು. ನಾನಿದ್ದ ಮನೆಯ ಅಕ್ಕ ಭಾಳ ಪ್ರೀತಿಯಿಂದ ಬಾಗಿಲಿಗೆ ಬಂದರು. ಊರು ಕೇಳಿದರು, ಬಸವಕಲ್ಯಾಣ ಅಂದೆ. "ಓಹೋ, ಬಸವಣ್ಣನವರ ನಾಡಿನವರು" ಅಂದರು. ರಾತ್ರಿ ಊಟಕ್ಕೆ ಮೊದಲು ಮನೆತನ ಕೇಳಿದರು, ಹೇಳಿದೆ. ಮುಖ ಬದಲಾಗಲಿಲ್ಲ, ಅದನ್ನ ನಾನು ಒಪ್ಪಬೇಕು. ಮುಂಜಾನೆ ಚಾ ಕೊಡೋವಾಗ ಮಾತ್ರ ಗಿಲಾಸು ಅಡುಗೆಮನೆಯ ಕಪಾಟಿನಿಂದ ಬರಲಿಲ್ಲ, ಹಿತ್ತಲಿನಿಂದ ಬಂತು. ಸ್ನಾನ ಮುಗಿಸಿ ಹೊರಗೆ ಬಂದರೆ, ನಾನು ರಾತ್ರಿ ಹೊದ್ದುಕೊಂಡ ಚಾದರವನ್ನು ಕೆಲಸದಾಕೆ ಒಂದು ಕೋಲಿನ ತುದಿಯಿಂದ ಎತ್ತಿ ಬಕೆಟ್ಟಿಗೆ ಹಾಕ್ತಿದ್ದಳು. ಆಕೆಯೂ ನಮ್ಮವಳೇ ಇರಬೇಕು. ನನ್ನನ್ನ ನೋಡಿ ಕೋಲು ಕೆಳಗಿಟ್ಟಳು, ನೆಲ ನೋಡ್ತಾ ನಿಂತಳು.

ಯಾರೂ ನನಗೆ ಒಂದು ಕೆಟ್ಟ ಮಾತು ಆಡಲಿಲ್ಲ. ದೂರು ಕೊಡಲು ಅಲ್ಲಿ ಏನೂ ಇರಲಿಲ್ಲ. ಒಂದು ಚಾದರ ತೊಳೆದರು, ಅಷ್ಟೇ.

ಅವತ್ತಿನಿಂದ ಎಲ್ಲಿಗೆ ಹೋದರೂ ನನ್ನ ಚಾದರ, ನನ್ನ ಗಿಲಾಸು ನನ್ನ ಜೊತೆ. ಮೈಸೂರು, ದೆಹಲಿ, ನಾಗಪುರ ಎಲ್ಲಾ ಕಡೆ ಒಯ್ದಿದ್ದೇನೆ. ಕೇಳಿದವರಿಗೆ "ನನಗ ಬ್ಯಾರೇದೋರ ಹಾಸಿಗಿ ಮ್ಯಾಲ ನಿದ್ದಿ ಬರಲ್ರಿ" ಅಂತ ಹೇಳ್ತಿದ್ದೆ. ಒಳಗೆ ಮಾತ್ರ ಇದು ನನ್ನ ಸ್ವಾಭಿಮಾನ ಅಂತ ಇಟ್ಕೊಂಡಿದ್ದೆ. ನಿಮ್ಮ ಗಿಲಾಸು ನನಗೆ ಬೇಡ, ಹಂಗೂ ಬೇಡ.

ಆ ಗಿಲಾಸು ಅಪ್ಪಂದು. ಭಾಂಡೆ ಅಂಗಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಸಿದ್ದಾನೆ, ಈಗ ಅರ್ಧ ಸವೆದಿದೆ. ನಾವು ಹಳ್ಳಿಯಲ್ಲಿದ್ದಾಗ ಅಪ್ಪ ಹೆದ್ದಾರಿ ಬದಿಯ ಹೋಟೆಲಿಗೆ ಅದನ್ನ ಹಿಡ್ಕೊಂಡು ಹೋಗ್ತಿದ್ದ. ಆತ ಹೊರಗೆ ನಿಂತು ಗಿಲಾಸು ಚಾಚಬೇಕು, ಅವರು ಮೇಲಿಂದ ಚಾ ಸುರಿಬೇಕು. ನಾನು ಸಣ್ಣಾಕಿದ್ದಾಗ ಆತನ ಬಾಜೂಕ ನಿಂತು, ಒಂದು ಹನಿ ಹೊರಗೆ ಬೀಳದಂಗ ಹ್ಯಾಂಗ ಹಿಡಿತಾನ ಅಂತ ಹೆಮ್ಮೆಯಿಂದ ನೋಡ್ತಿದ್ದೆ! ಮಕ್ಕಳಿಗೇನು ತಿಳಿತದ.

ಜಗಳ ಶುರು ಮಾಡಿದ್ದು ಅಣ್ಣನ ಮಗಳು.

"ಅತ್ತಿ, ಇದನ್ನ ಯಾಕ ಒಯ್ಲತ್ತೀ?"

"ಇರ್ಲಿ, ಬೇಕಾಗ್ತದ."

"ಯಾರಿಗಿ ಬೇಕಾಗ್ತದ? ನೀ ಗಿಲಾಸ ಒಯ್ದರ ಆರಾಮ ಯಾರಿಗಿ? ಅವರಿಗಿ. ಈಕಿಗಿ ಯಾವ ಗಿಲಾಸನ್ಯಾಗ ಕೊಡ್ಲಿ ಅಂತ ಅವರು ವಿಚಾರನೇ ಮಾಡೋದು ಬ್ಯಾಡ. ಮುತ್ಯಾ ಹೊರಗ ನಿಂತು ಚಾ ಹಾಕಿಸ್ಕೊಂಡ ಗಿಲಾಸ ಅದು. ನೀ ಅದನ್ನೇ ಬೆಂಗಳೂರಿಗಿ ಒಯ್ದು ಸ್ವಾಭಿಮಾನ ಅಂತಿ."

ನನಗೆ ಸಿಟ್ಟು ಬಂತು. ಅವಳಿಗೆ ಇಪ್ಪತ್ತು ವರ್ಷ. ಕೋಲಿನ ತುದಿಯಲ್ಲಿ ತೂಗುವ ಚಾದರ ಅವಳು ನೋಡಿಲ್ಲ. ನೋಡೋದೂ ಬೇಡ. ಆದರೆ ನಾನು ಉತ್ತರ ಕೊಡೋದಕ್ಕಿಂತ ಮೊದಲು ಅವ್ವ ಬಾಯಿ ಹಾಕಿದಳು.

"ಏ ಪೋರಿ, ಅವರು ವಿಚಾರ ಮಾಡ್ತಾರ ಬಿಡ್ತಾರ ನಮಗ್ಯಾಕ? ನೀರಡಿಕಿ ಆದಾಗ ಇವಳ ಗಂಟಲು ಒಣಗಬಾರ್ದು. ನಿನ್ನ ವಾದ ಹೊಟ್ಟಿ ತುಂಬಿದ ಮ್ಯಾಲ ಮಾಡು."

ಅವ್ವನ ಈ ಮಾತಿಗೆ ನನಗೆ ಬಾಬಾಸಾಹೇಬರು ನೆನಪಾದರು. 'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ ಗೊತ್ತಿರ್ತದ. 1901ರಲ್ಲಿ ಸಾತಾರಾದಿಂದ ಕೋರೆಗಾಂವಿಗೆ ತಂದೆಯನ್ನು ನೋಡಲು ಮನೆಯ ಮಕ್ಕಳೆಲ್ಲಾ ಹೊರಟರು. ಹೊಸ ಬಟ್ಟೆ, ಹೊಸ ಟೋಪಿ, ಬುಟ್ಟಿ ತುಂಬ ತಿಂಡಿ. ಮಸೂರು ಸ್ಟೇಷನ್ನಿನಲ್ಲಿ ಇಳಿದು, ಜಾತಿ ಗೊತ್ತಾದ ಮೇಲೆ ಗಾಡಿಯವರು ಹತ್ತಿಸಿಕೊಳ್ಳದೆ, ದುಪ್ಪಟ್ಟು ಬಾಡಿಗೆ ಕೊಟ್ಟು ತಾವೇ ಗಾಡಿ ಹೊಡ್ಕೊಂಡು ಹೋದರು. ರಾತ್ರಿ ಟೋಲ್ ನಾಕಾದಲ್ಲಿ ಬುಟ್ಟಿ ತುಂಬ ಊಟ ಇತ್ತು, ಹಸಿವು ಇತ್ತು, ಆದರೂ ಉಪವಾಸ ಮಲಗಿದರು. ಯಾಕಂದ್ರೆ ನೀರು ಇರಲಿಲ್ಲ, ನೀರು ಕೊಡುವವರೂ ಇರಲಿಲ್ಲ. ಮನೆಯವರು ಎಲ್ಲಾ ಕಟ್ಟಿ ಕೊಟ್ಟಿದ್ದರು. ನೀರು ದಾರಿಯಲ್ಲಿ ಸಿಗ್ತದ ಅಂತ ಅನ್ಕೊಂಡಿರಬೇಕು.

ನಮ್ಮ ಅವ್ವಂದಿರ ಗಂಟು ಯಾಕೆ ದೊಡ್ಡದಿರ್ತದ ಅಂತ ನಗೋ ಗೆಳೆಯರು ಇದನ್ನ ಒಂದು ಸಲ ಓದ್ರಿ. ದಾರಿಯಲ್ಲಿ ಸಿಗ್ತದ ಅನ್ನೋ ಧೈರ್ಯ ಇದ್ದವರ ಬ್ಯಾಗು ಹಗುರ ಇರ್ತದ.

ಇದನ್ನೆಲ್ಲಾ ಅಣ್ಣನ ಮಗಳಿಗೆ ಹೇಳಿದೆ. ಆಕೆ ಸುಮ್ಮನಿದ್ದು, "ಅದು 1901 ಅತ್ತಿ" ಅಂದಳು. "ಇದು 2011" ಅಂದೆ ನಾನು. ಆಮೇಲೆ ಯಾರೂ ಮಾತಾಡಲಿಲ್ಲ. ಅವ್ವ ಗಂಟನ್ನು ಬ್ಯಾಗಿನಲ್ಲಿ ತುರುಕಿ ಜಿಪ್ ಎಳೆದಳು. ತಾಟು ಹಿಡಿಸಲಿಲ್ಲ, ಅದೊಂದು ಮನೆಯಲ್ಲೇ ಉಳಿಯಿತು.

ಮರುದಿನ ಬಸವಕಲ್ಯಾಣ ಬಸ್‌ಸ್ಟ್ಯಾಂಡಿನಿಂದ ಹುಮನಾಬಾದಿಗೆ. 2023ರ ಜೂನಿನಿಂದ ಶಕ್ತಿ ಯೋಜನೆ ಬಂದ ಮೇಲೆ ನಮಗೆ ಸೊನ್ನೆ ರೂಪಾಯಿ ಟಿಕೆಟ್ಟು. ಸಸ್ತಾಪುರ ಬಂಗ್ಲಾ ದಾಟಿ ಹೆದ್ದಾರಿ ಹಿಡಿದಾಗ ಬ್ಯಾಗು ನನ್ನ ತೊಡೆ ಮೇಲಿತ್ತು, ಕಾಲು ಜೋಮು ಹಿಡಿದಿತ್ತು. ನಮ್ಮೂರಲ್ಲಿ ಹೊಸ ಅನುಭವ ಮಂಟಪಕ್ಕೆ 2021ರಲ್ಲಿ ಅಡಿಗಲ್ಲು ಹಾಕಿದ್ದಾರೆ. ಹರಳಯ್ಯನ ಗವಿಯೂ ನಮ್ಮೂರಲ್ಲೇ ಅದ. ಹರಳಯ್ಯನ ಮಗ, ಮಧುವರಸನ ಮಗಳ ಮದುವೆಗೆ ಕಲ್ಯಾಣ ಹೊತ್ತಿ ಉರಿದಾಗ, ಶರಣರು ವಚನದ ಕಟ್ಟು ಹೊತ್ಕೊಂಡು ಉಳವಿ ಕಡೆ ಹೋದರು ಅಂತ ನಮ್ಮ ಕಡೆ ಹೇಳ್ತಾರೆ. ಅವರು ಹೊದಿಯಲಿಕ್ಕೆ ಏನು ಒಯ್ದರು ಅಂತ ಯಾರೂ ಹೇಳಿದ್ದು ಕೇಳಿಲ್ಲ. ಕಾಗದವೋ ಚಾದರವೋ ಅನ್ನೋ ಪ್ರಶ್ನೆ ನಮ್ಮೂರಿಗೆ ಹಳೇದು ಅಂತ ನನ್ನಷ್ಟಕ್ಕೆ ನಕ್ಕೆ.

ಹುಮನಾಬಾದಿನಲ್ಲಿ ಚಿಗವ್ವನ ಮನೆ. ಮೊದಲು ನಾವು ರೈಲು ಹಿಡಿಬೇಕಂದ್ರೆ ಬೀದರಿಗೋ ಕಲಬುರಗಿಗೋ ಹೋಗಬೇಕಿತ್ತು. 2017ರಲ್ಲಿ ಬೀದರ್-ಕಲಬುರಗಿ ಮಾರ್ಗ ಆದ ಮೇಲೆ ಹುಮನಾಬಾದಿನಲ್ಲೇ ಹತ್ತಬಹುದು. ಗಾಡಿಗೆ ಇನ್ನೂ ಹೊತ್ತಿತ್ತು. ಚಿಗವ್ವನಿಗೆ ಹಿಂಡಿ ಕೊಡೋಣ ಅಂತ ಬ್ಯಾಗು ತೆಗೆದೆ. ಹಿಂಡಿ ತಳದಲ್ಲಿತ್ತು, ಹಾಗಾಗಿ ಎಲ್ಲಾ ಹೊರಗೆ ಬಂತು. ಮತ್ತೆ ತುಂಬುವಾಗ ಫೈಲು ಹೋಯಿತು, ಸೀರೆ ಹೋಯಿತು. ಚಾದರ ಹಾಕಿದರೆ ಜಿಪ್ಪು ಹತ್ತಲಿಲ್ಲ. ತೆಗೆದೆ. ಗಿಲಾಸು ಕೈಯಲ್ಲಿತ್ತು. ಒಳಗಿಟ್ಟೆ, ಹೊರಗೆ ತೆಗೆದೆ, ಮತ್ತೆ ಒಳಗಿಟ್ಟೆ. ಅಣ್ಣನ ಮಗಳು ಮೊಬೈಲು ನೋಡ್ತಾ ಕೂತಿದ್ದಳು, ಆದರೆ ಅವಳ ಬೆರಳು ಆಡ್ತಾ ಇರಲಿಲ್ಲ.

ಚಿಗವ್ವ ಗಿಲಾಸು ತಗೊಂಡು ಹೆಸರಿನ ಮೇಲೆ ಬೆರಳಾಡಿಸಿದಳು. "ಭಾವಂದು ಅಲ್ಲಾ ಇದು? ಎಟ್ ತಿರಗ್ಯಾದ ನೋಡು. ದಣದಿರ್ತದ, ಎರಡು ದಿನ ಇಲ್ಲೇ ಇರ್ಲಿ" ಅಂದಳು. ಎದ್ದು ಹೋಗಿ ತನ್ನ ಗಿಲಾಸುಗಳ ಸಾಲಿನಲ್ಲಿ ಇಟ್ಟಳು.

ಬೆಂಗಳೂರಿನಲ್ಲಿ ಏನಾಯ್ತು ಅಂದ್ರೆ, ಏನೂ ಆಗಲಿಲ್ಲ. ನೀರು ಅಂಗೈಯಷ್ಟುದ್ದದ ಪ್ಲಾಸ್ಟಿಕ್ ಬಾಟಲಿಯಲ್ಲಿ, ಚಾ ಕಾಗದದ ಕಪ್ಪಿನಲ್ಲಿ, ಊಟ ಬಾಳೆಎಲೆಯಲ್ಲಿ. ಎಲ್ಲರಿಗೂ ಅದೇ. ಒಂದೇ ಒಂದು ಗಿಲಾಸು ಇಡೀ ಸಭಾಂಗಣದಲ್ಲಿ ಕಾಣಲಿಲ್ಲ. ರಾತ್ರಿಯೆಲ್ಲಾ ಜಗಳ ಆಡಿದ್ದಕ್ಕೆ ಪರೀಕ್ಷೆಯೇ ಇಟ್ಟಿರಲಿಲ್ಲ. ಅಣ್ಣನ ಮಗಳು ಕಾಗದದ ಕಪ್ಪು ಎತ್ತಿ ತೋರಿಸಿ, "ತಗೋ ಅತ್ತಿ, ಬಳಸಿ ಬಿಸಾಕೋ ಸಮಾನತೆ" ಅಂದಳು. ನಕ್ಕೆವು. ಅವಳು ಗೆದ್ದಳೋ ನಾನು ಗೆದ್ದೆನೋ ಇವತ್ತಿಗೂ ಗೊತ್ತಿಲ್ಲ.

ಕಾಗದ ಮಾತ್ರ ಕೆಲಸಕ್ಕೆ ಬಂತು. ನನ್ನ ಮಾತು ಮುಗಿದ ಮೇಲೆ ವೇದಿಕೆಯಲ್ಲಿದ್ದ ನಿವೃತ್ತ ಅಧಿಕಾರಿಯೊಬ್ಬರು, "ಮೊದಲ ಅರ್ಜಿಯ ಸ್ವೀಕೃತಿ ಇದೆಯೇನಮ್ಮಾ?" ಅಂತ ಕೇಳಿದರು. ಕಚೇರಿಯವರು ಅರ್ಜಿಯೇ ಬಂದಿಲ್ಲ ಅಂತ ಬರೆದು ಕೊಟ್ಟಿದ್ದು ಅದೇ ಊರಿನದು. ತೆಗೆದು ಮುಂದಿಟ್ಟೆ. ಅವರು ಕನ್ನಡಕ ಹಾಕ್ಕೊಂಡರು. ಸರ್ವೆ ನಂಬರು ಬರ್ಕೊಂಡರು, ಸೀಲಿನ ತಾರೀಖು ಎರಡು ಸಲ ಓದಿದರು. 6 ಕಿಲೋದಲ್ಲಿ ಅವತ್ತು ಬೇಕಾದದ್ದು ಒಂದೇ ಹಾಳೆ. ಯಾವ ಹಾಳೆ ಅಂತ ಮೊದಲೇ ಗೊತ್ತಿದ್ದರೆ ನನ್ನ ಬೆನ್ನು ಉಳೀತಿತ್ತು. ಆ ಊರಿನವರಿಗೆ ಜಾಗ ಇನ್ನೂ ಸಿಕ್ಕಿಲ್ಲ. ಮಳೆಗಾಲದ ಒಳಗೆ ಅಳತೆಯಾದರೂ ಆಗಬೇಕು, ಅದರ ಬೆನ್ನು ಹತ್ತಿದ್ದೇವೆ. ಆ ಭಾಗದ ಗೆಳೆಯರು ದಯವಿಟ್ಟು ಫೋನು ಮಾಡಿ.

ತಿರುಗಿ ಬರುವಾಗ ರಾತ್ರಿ ಗಾಡಿ. ಎಳ್ಳಮಾಸಿ ಆಗಿ ವಾರವಾಗಿತ್ತು. ನಮ್ಮ ಕಡೆಯ ಚಳಿ ಗೊತ್ತಲ್ಲ. ಕಲಬುರಗಿ ದಾಟಿದ ಮೇಲೆ ಕಿಟಕಿ ಸಂದಿಯಿಂದ ಗಾಳಿ ಚೂರಿಯಂಗ ಬರ್ಲತ್ತಿತ್ತು. ಮೇಲಿನ ಬರ್ತಿನಿಂದ ಅಣ್ಣನ ಮಗಳು ಮೆಲ್ಲಗೆ ತಲೆ ಇಣುಕಿಸಿದಳು.

"ಅತ್ತಿ, ಚಾದರ?"

"ಹುಮನಾಬಾದನ್ಯಾಗ ಅದ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೆಳಗಿಳಿದು ನನ್ನ ಬರ್ತಿನಲ್ಲೇ ಬಂದು ಒತ್ತಿಕೊಂಡು ಕೂತಳು. ಬ್ಯಾಗಿನಿಂದ ಉಟ್ಟು ಬಿಟ್ಟ ಸೀರೆ ತೆಗೆದು ಇಬ್ಬರಿಗೂ ಸುತ್ತಿದೆ. ಹುಮನಾಬಾದ್ ಬರೋತನಕ ಹಂಗೇ ಕೂತಿದ್ದೆವು.