ಸದ್ದಿಲ್ಲದ ಕೀಲಿಮಣೆ

ನಸುಕಿನಲ್ಲಿ ಏಳುವ ಅಭ್ಯಾಸವು ನನಗೆ ಪಾಠಶಾಲೆಯಲ್ಲಿ ಅಂಟಿಕೊಂಡದ್ದು. ಅಲ್ಲಿ ನಾಲ್ಕೂವರೆ ಗಂಟೆಗೆ ಏಳದವನ ಮುಖಕ್ಕೆ ತಣ್ಣೀರು ಬೀಳುತ್ತಿದ್ದಿತು. ಈಗ ನೀರೆರಚುವವರು ಯಾರೂ ಇಲ್ಲದಿದ್ದರೂ ಆ ಹೊತ್ತಿಗೆ ಕಣ್ಣು ತಾನಾಗಿಯೇ ತೆರೆಯುತ್ತದೆ. ಆಗ ಆ ಹೊತ್ತಿನಲ್ಲಿ ಸೂತ್ರಗಳನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದೆವು. ದನಿ ಕೇಳಿಸದಿದ್ದರೆ ಹುಡುಗನು ತೂಕಡಿಸುತ್ತಿದ್ದಾನೆಂದೇ ಗುರುಗಳ ಎಣಿಕೆ. ಈಗ ಅದೇ ಹೊತ್ತಿನಲ್ಲಿ ಗಣಕಯಂತ್ರದ ಮುಂದೆ ಕುಳಿತು ಬರೆಯುತ್ತೇನೆ. ಆದರೆ ನಿಯಮವು ಮಾತ್ರ ತಲೆಕೆಳಗಾಗಿದೆ: ಸದ್ದಾಗಕೂಡದು.

ಬರೆಯುವುದು ನನ್ನ ಸ್ವಂತದ್ದೇನೂ ಅಲ್ಲ. ನನ್ನ ಗುರುಗಳು ವ್ಯಾಕರಣಪಾಠಕ್ಕಾಗಿ ಬರೆದಿಟ್ಟುಕೊಂಡಿದ್ದ ಟಿಪ್ಪಣಿಗಳ ಒಂಬತ್ತು ಪುಸ್ತಕಗಳು ನನ್ನ ಬಳಿ ಇವೆ. ಮಸಿಯು ಕಂದುಬಣ್ಣಕ್ಕೆ ತಿರುಗಿದೆ. ಕೆಲವು ಹಾಳೆಗಳ ಅಂಚು ಮುಟ್ಟಿದರೆ ಪುಡಿಯಾಗುತ್ತದೆ. ಇವನ್ನು ಹಾಳುಮಾಡಬೇಡವೆಂದು ಅವರು ಹೇಳಿ ಕೊಟ್ಟಾಗ ನಾನು ಆಗಲೆಂದಿದ್ದೆನು. ಕೆಲಸದಲ್ಲಿದ್ದಷ್ಟು ಕಾಲವೂ ಅವನ್ನು ಪೆಟ್ಟಿಗೆಯಿಂದ ತೆಗೆಯಲಿಲ್ಲ. ನಿವೃತ್ತನಾದ ಮೇಲೆ ತೆಗೆದು ನೋಡಿದಾಗಲೇ ಹಾಳುಮಾಡುವುದೆಂದರೆ ಏನೆಂಬುದು ತಿಳಿದದ್ದು.

ಈ ಕೆಲಸಕ್ಕೆ ಎರಡು ಅಡಚಣೆಗಳಿದ್ದವು. ಮಧುಮೇಹದಿಂದ ನನ್ನ ಬೆರಳ ತುದಿಗಳು ಜೋಮು ಹಿಡಿದಂತಿವೆ. ಮಡಚುವ ಗಣಕದ ಚಪ್ಪಟೆಯಾದ ಕೀಲಿಗಳ ಮೇಲೆ ಬೆರಳಿಟ್ಟರೆ ಒತ್ತಿದೆನೋ ಇಲ್ಲವೋ ಎಂಬುದೇ ಗೊತ್ತಾಗುವುದಿಲ್ಲ. ಎರಡನೆಯದು, ನನ್ನ ಮನೆಯಾಕೆಯ ನಿದ್ದೆ. ಕಳೆದ ವರ್ಷ ಆಕೆಗೆ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ರಾತ್ರಿ ಎರಡು ಗಂಟೆಯವರೆಗೆ ನಿದ್ದೆ ಬಾರದು; ಬಂದ ನಿದ್ದೆ ಒಂದು ಚಮಚ ಬಿದ್ದರೆ ಹಾರಿಹೋಗುವುದು. ನಾನು ಬರೆಯುವ ಮೇಜಿಗೂ ಆಕೆ ಮಲಗುವ ಮಂಚಕ್ಕೂ ನಡುವೆ ಇರುವುದು ಒಂದು ಪರದೆ ಮಾತ್ರ.

ಬೆರಳಿಗೆ ತಿಳಿಯದಿದ್ದರೆ ಏನಾಗುವುದೆಂಬುದನ್ನು ಕೊಂಚ ವಿವರಿಸಬೇಕು. ಕನ್ನಡವನ್ನು ನಾನು ಬರೆಯುವುದು ಕಿನ್ನಿಕಂಬಳ ಪದ್ಮನಾಭರಾಯರು, ಎಂದರೆ ಎಲ್ಲರೂ ಬಲ್ಲ ಕೆ. ಪಿ. ರಾಯರು, ರೂಪಿಸಿದ ವಿನ್ಯಾಸದಲ್ಲಿ. ‘ನುಡಿ’ ತಂತ್ರಾಂಶದ ಮೂಲಕ ಇದು ನಾಡಿನ ಕಚೇರಿಗಳಲ್ಲೆಲ್ಲ ಬಳಕೆಗೆ ಬಂದಿತು. ಅದರಲ್ಲಿ ‘ಕೆ’ ಎಂಬ ಇಂಗ್ಲಿಷ್ ಕೀಲಿಯನ್ನು ಒತ್ತಿದರೆ ಅಕಾರಸಹಿತವಾದ ಕ ಮೂಡುತ್ತದೆ. ಅಕಾರವನ್ನು ತೆಗೆದು ಮುಂದಿನ ವ್ಯಂಜನಕ್ಕೆ ಬೆಸೆಯಬೇಕಾದರೆ ನಡುವೆ ‘ಎಫ್’ ಕೀಲಿಯನ್ನು ಒತ್ತಬೇಕು. ನಮ್ಮ ಹಲಂತಚಿಹ್ನೆಯ ಕೆಲಸವನ್ನೆಲ್ಲ ಆ ಒಂದು ಕೀಲಿಯೇ ಮಾಡುತ್ತದೆ. ಕಥೆಗಾರನಿಗೆ ಇದರಿಂದ ಹೆಚ್ಚು ತೊಂದರೆಯಿರಲಾರದು. ಆದರೆ ವ್ಯಾಕರಣದ ಟಿಪ್ಪಣಿಯಲ್ಲಿ ‘ಕಾರ್ತ್ಸ್ನ್ಯ’ ಎಂಬ ಒಂದೇ ಪದವನ್ನು ಬರೆಯಬೇಕಾದರೆ ಎಡಗೈಯ ತೋರುಬೆರಳು ನಾಲ್ಕು ಸಲ ಎಫ್ ಕೀಲಿಯನ್ನು ಒತ್ತಬೇಕು. ಒಂದು ಸಲ ತಪ್ಪಿದರೆ ಪದವು ಕಾಲು ಮುರಿದುಕೊಂಡು ಬೀಳುತ್ತದೆ. ಧರ್ಮವು ಧರಮವಾಗುತ್ತದೆ, ಸ್ವಸ್ಥನು ಸವಸಥನಾಗುತ್ತಾನೆ. ಗುರುಗಳ ಟಿಪ್ಪಣಿಗಳಲ್ಲಿ ಇಂಥ ತಪ್ಪು ಉಳಿದರೆ ಮುಂದೆ ಓದುವವನು ಅದನ್ನು ನನ್ನದೆನ್ನುವುದಿಲ್ಲ, ಅವರದೆನ್ನುತ್ತಾನೆ. ಆದಕಾರಣ ಬೆಳಗ್ಗೆ ಎರಡು ಪುಟ ಬರೆದರೆ ಸಂಜೆಯೆಲ್ಲ ಬಿದ್ದುಹೋದ ಹಲಂತಗಳನ್ನು ಹುಡುಕುವುದೇ ನನ್ನ ಕೆಲಸವಾಯಿತು.

ಮೆಕ್ಯಾನಿಕಲ್ ಕೀಲಿಮಣೆಯಾದರೆ ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತದೆಂದು ಯಾರೋ ಹೇಳಿದರು. ನಾಲ್ಕು ಸಾವಿರ ರೂಪಾಯಿಯೊಳಗೆ ಮುಗಿಯಬೇಕೆಂದು ನಿಶ್ಚಯಿಸಿ, ಪೇಟೆಯ ಅಂಗಡಿಯೊಂದರಲ್ಲಿ ೨,೩೦೦ ರೂಪಾಯಿಗೆ ೮೭ ಕೀಲಿಗಳ ಒಂದು ಮಣೆಯನ್ನು ಕೊಂಡೆನು. ಸದ್ದು ಮಾಡುವುದೇ ಎಂದು ಕೇಳಿದುದಕ್ಕೆ ಅಂಗಡಿಯವನು, ‘ಸ್ವಲ್ಪ ಇರುತ್ತೆ ಸಾರ್, ಆಮೇಲೆ ಅಭ್ಯಾಸವಾಗುತ್ತೆ’ ಎಂದನು. ಯಾರಿಗೆ ಅಭ್ಯಾಸವಾಗುತ್ತದೆಂಬುದನ್ನು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮನೆಗೆ ತಂದು ಹಚ್ಚಿದರೆ ಕೀಲಿಗಳ ಸಂದಿಗಳಿಂದ ಏಳು ಬಣ್ಣದ ದೀಪಗಳು ರಥೋತ್ಸವದಂತೆ ಹರಿದಾಡತೊಡಗಿದವು. ಅವನ್ನು ಆರಿಸುವುದು ಹೇಗೆಂದು ತಿಳಿಯಲು ಒಂದು ಸಂಜೆ ಬೇಕಾಯಿತು. ಮರುದಿನ ನಸುಕಿನಲ್ಲಿ ಅರ್ಧ ಪುಟ ಬರೆಯುವಷ್ಟರಲ್ಲಿ ಪರದೆಯ ಆಚೆಯಿಂದ, ‘ಏನೂಂದ್ರೆ, ತಗಡಿನ ಮೇಲೆ ಆಲಿಕಲ್ಲು ಬೀಳುತ್ತಿದೆಯೇ?’ ಎಂಬ ಪ್ರಶ್ನೆ ಬಂದಿತು. ಆ ದಿನ ಆಕೆಗೆ ಮತ್ತೆ ನಿದ್ದೆ ಹತ್ತಲಿಲ್ಲ. ಮಣೆಯನ್ನು ಅದರ ರಟ್ಟಿನ ಪೆಟ್ಟಿಗೆಗೆ ಸೇರಿಸಿದೆನು.

ಬೆಂಗಳೂರಿನಲ್ಲಿರುವ ತಂಗಿಯ ಮಗ ಹಬ್ಬಕ್ಕೆ ಬಂದಾಗ ಈ ಕಥೆಯನ್ನು ಕೇಳಿ ನಕ್ಕನು. ‘ಮಾವ, ನೀವು ತಂದಿರುವುದು ನೀಲಿ’ ಎಂದನು. ಅವನು ವಿವರಿಸಿದುದನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ.

ಸಾಧಾರಣವಾದ ಕೀಲಿಮಣೆಯಲ್ಲಿ ಕೀಲಿಗಳ ಕೆಳಗೆ ರಬ್ಬರಿನ ಒಂದು ಹಾಳೆ ಇರುತ್ತದೆ. ಒಂದೊಂದು ಕೀಲಿಗೂ ಅದರಲ್ಲಿ ಒಂದೊಂದು ಪುಟ್ಟ ಗುಮ್ಮಟ. ಗುಮ್ಮಟವು ಕುಸಿದು ತಳಕ್ಕೆ ಮುಟ್ಟಿದಾಗಲೇ ಅಕ್ಷರವು ಮೂಡುತ್ತದೆ. ಮೆಕ್ಯಾನಿಕಲ್ ಮಣೆಯಲ್ಲಾದರೋ ಪ್ರತಿಯೊಂದು ಕೀಲಿಗೂ ಬೇರೆಯಾದ ಸ್ವಿಚ್ಚು. ಅದರೊಳಗೆ ಸ್ಪ್ರಿಂಗಿನ ಮೇಲೆ ನಿಂತ ಒಂದು ದಿಂಡು. ಪಕ್ಕದಲ್ಲಿ ಲೋಹದ ತೆಳುವಾದ ಎಲೆ. ದಿಂಡು ಇಳಿಯುವುದು ಒಟ್ಟು ಸುಮಾರು ೪ ಮಿಲಿಮೀಟರು. ಆದರೆ ಅರ್ಧದಾರಿಯಲ್ಲಿ, ೨ ಮಿಲಿಮೀಟರು ಇಳಿಯುವಷ್ಟರಲ್ಲಿಯೇ, ಲೋಹವು ಲೋಹವನ್ನು ಮುಟ್ಟಿ ಅಕ್ಷರವು ಮೂಡಿರುತ್ತದೆ. ಈ ಮಾದರಿಯನ್ನು ೧೯೮೦ರ ದಶಕದಲ್ಲಿ ಪ್ರಸಿದ್ಧಿಗೆ ತಂದುದು ಚೆರಿ ಎಂಬ ಕಂಪನಿ. ೨೦೧೪ರ ಸುಮಾರಿಗೆ ಅದರ ಹಕ್ಕುಪತ್ರಗಳ ಅವಧಿ ತೀರಲಾಗಿ ಚೀನದ ಹಲವು ಕಂಪನಿಗಳು ಅದೇ ಅಚ್ಚಿನ ಸ್ವಿಚ್ಚುಗಳನ್ನು ಧಾರಾಳವಾಗಿ ಮಾಡತೊಡಗಿದವು. ನನ್ನಂಥವನ ಕೈಗೆ ಇದು ಎಟುಕುವಂತಾದುದು ಹಾಗೆ.

ಈ ಸ್ವಿಚ್ಚುಗಳ ಜಾತಿಯನ್ನು ದಿಂಡಿನ ಬಣ್ಣದಿಂದ ಗುರುತಿಸುವ ರೂಢಿ ಚೆರಿಯಿಂದಲೇ ಬಂದಿತು. ಕೆಂಪು ದಿಂಡು ನುಣುಪಾಗಿ ತಳದವರೆಗೆ ಇಳಿದುಬಿಡುತ್ತದೆ; ಅಕ್ಷರ ಎಲ್ಲಿ ಮೂಡಿತೆಂದು ತಿಳಿಸುವುದಿಲ್ಲ. ಕಂದು ದಿಂಡಿನ ಪಕ್ಕದಲ್ಲಿ ಒಂದು ಸಣ್ಣ ಉಬ್ಬು ಇರುತ್ತದೆ. ಅದನ್ನು ದಾಟುವಾಗ ಬೆರಳಿಗೆ ಚಿಕ್ಕ ತಡೆಯೊಂದು ತೋರಿ ಮಾಯವಾಗುತ್ತದೆ. ನೀಲಿಯಲ್ಲಿ ತಡೆಯ ಜತೆಗೆ ‘ಟಿಕ್’ ಎಂಬ ಸದ್ದನ್ನು ಬೇಕೆಂದೇ ಸೇರಿಸಿರುತ್ತಾರೆ. ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ ನೀಲಿಯು ತನ್ನ ಇರವನ್ನು ಕಿವಿಗೆ ಶಬ್ದದಿಂದಲೂ ತಿಳಿಸುತ್ತದೆ. ಕಂದು ತ್ವಗಿಂದ್ರಿಯಕ್ಕೆ ಮಾತ್ರ ತಿಳಿಸುತ್ತದೆ. ನೀಲಿಯದು ಶಬ್ದಪ್ರಮಾಣವೆಂದು ನಾನು ತಮಾಷೆ ಮಾಡಿದೆನು. ಗುರುಗಳು ಕೇಳಿದ್ದರೆ ಬೆತ್ತಕ್ಕೆ ಕೈಹಾಕುತ್ತಿದ್ದರು.

ಹಾಗಾದರೆ ಕಂದೇ ಸರಿಯೆಂದು ತೋರುವುದಷ್ಟೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಅಳಿಯನು ತಡೆಯದಿದ್ದರೆ ನಾನೂ ಎಡವುತ್ತಿದ್ದೆನು. ಕಂದಿನಲ್ಲಿ ‘ಟಿಕ್’ ಇಲ್ಲವೆಂಬುದು ನಿಜ. ಆದರೆ ಟಿಕ್ ಇಲ್ಲದುದೆಲ್ಲ ನಿಶ್ಶಬ್ದವಲ್ಲ. ದಿಂಡು ತಳಕ್ಕೆ ಬಡಿಯುವ ಸದ್ದು ಒಂದು, ಬಿಟ್ಟಾಗ ಮೇಲೆದ್ದು ಮೇಲುಚಿಪ್ಪಿಗೆ ಬಡಿಯುವ ಸದ್ದು ಇನ್ನೊಂದು. ಈ ಎರಡೂ ಎಲ್ಲ ಬಣ್ಣಗಳಲ್ಲಿಯೂ ಇವೆ. ಅವನ ಚೀಲದಲ್ಲಿದ್ದ ಕಂದು ಮಣೆಯಲ್ಲಿ ನಾನೇ ಬರೆದು ನೋಡಿದೆನು. ಆಲಿಕಲ್ಲು ನಿಂತಿತ್ತು, ಮಳೆ ನಿಂತಿರಲಿಲ್ಲ. ನಿಜವಾಗಿ ಸದ್ದಡಗಿಸಿದ ಸ್ವಿಚ್ಚುಗಳೇ ಬೇರೆ ಇವೆ. ಅವುಗಳ ದಿಂಡಿನಲ್ಲಿ, ಮೇಲೂ ಕೆಳಗೂ ಬಡಿಯುವ ಜಾಗಗಳಲ್ಲಿ, ಮೆತ್ತನೆಯ ರಬ್ಬರಿನಂಥ ತುಣುಕುಗಳನ್ನು ಕೂರಿಸಿರುತ್ತಾರೆ. ಅವುಗಳಲ್ಲಿಯೂ ಎರಡು ಬಗೆ: ಉಬ್ಬು ಇಲ್ಲದವು, ಉಬ್ಬು ಇರುವವು. ಸೈಲೆಂಟ್ ಎಂಬ ಹೆಸರನ್ನು ಮಾತ್ರ ನೋಡಿ ಕೊಂಡರೆ ಉಬ್ಬು ಇಲ್ಲದ್ದು ಮನೆಗೆ ಬಂದೀತು. ನನ್ನ ಬೆರಳಿಗೆ ಅದರಿಂದ ಏನು ಪ್ರಯೋಜನ?

ಜೋಮು ಹಿಡಿದ ಬೆರಳಿಗೆ ಉಬ್ಬು ಹೇಗೆ ತಿಳಿಯುತ್ತದೆಂದು ಓದುಗರು ಕೇಳಬಹುದು. ನನಗೂ ಆ ಸಂಶಯವಿತ್ತು. ಬಟ್ಟೆಯ ನಯವೋ ಹಾಳೆಯ ಒರಟೋ ನನ್ನ ಬೆರಳ ತುದಿಗೆ ಈಗ ಸರಿಯಾಗಿ ತಿಳಿಯದು. ಆದರೆ ಈ ಉಬ್ಬು ತೊಗಲಿಗೆ ತಾಗುವ ವಸ್ತುವಲ್ಲ. ಒತ್ತುವ ಬಲಕ್ಕೆ ಒಂದು ಕ್ಷಣ ಎದುರುನಿಂತು ಆಮೇಲೆ ಬಿಟ್ಟುಕೊಡುವ ತಡೆ. ಅದು ತಿಳಿಯುವುದು ಬೆರಳಿನ ಗಂಟಿನಲ್ಲಿ. ಬಾವಿಯ ಹಗ್ಗವನ್ನು ಸೇದುವಾಗ ಕೊಡವು ನೀರನ್ನು ಬಿಟ್ಟು ಮೇಲೆದ್ದುದು ಕೈಗೆ ತಿಳಿಯುವುದಿಲ್ಲವೆ? ಹಾಗೆ.

ಇನ್ನು ಹಣದ ಮಾತು. ಜಪಾನಿನಲ್ಲಿ ಟೋಪ್ರೆ ಎಂಬ ಬಗೆಯ ಮಣೆಗಳಿವೆ. ಮೃದುತ್ವದಲ್ಲಿ ಅವುಗಳದೇ ದೊಡ್ಡ ಹೆಸರಂತೆ. ಬೆಲೆಯನ್ನು ಕೇಳಿ ಆ ಮಾತನ್ನು ಅಲ್ಲಿಗೇ ಬಿಟ್ಟೆನು. ಹೊಸ ಮಣೆ ಕೊಳ್ಳುವುದಕ್ಕೂ ಮನಸ್ಸು ಬರಲಿಲ್ಲ. ಪೆಟ್ಟಿಗೆಯಲ್ಲಿ ೨,೩೦೦ ರೂಪಾಯಿ ಮಲಗಿದ್ದಿತು. ಅಳಿಯನು ಆ ಮಣೆಯನ್ನು ಹೊರತೆಗೆದು, ಒಂದು ಕೀಲಿಯ ಟೊಪ್ಪಿಗೆಯನ್ನು ಕಿತ್ತು, ಚಿಮಟದಂಥ ಸಾಧನದಿಂದ ಸ್ವಿಚ್ಚನ್ನು ಹಿಡಿದು ಎಳೆದನು. ಅದು ಹಲ್ಲು ಕಿತ್ತಂತೆ ಈಚೆಗೆ ಬಂದಿತು. ಬೆಸುಗೆ ಹಾಕಿರಲಿಲ್ಲ. ಇಂಥದಕ್ಕೆ ಹಾಟ್‌ಸ್ವಾಪ್ ಎನ್ನುತ್ತಾರೆ. ‘ಮಾವ, ಮಣೆ ಇರಲಿ, ಹಲ್ಲುಗಳನ್ನು ಮಾತ್ರ ಬದಲಾಯಿಸೋಣ’ ಎಂದನು. ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ ಎಂದು ನನಗೆ ಈಗ ತೋರುತ್ತದೆ. ಬಣ್ಣ ತಪ್ಪಿದರೆ ತಿದ್ದಿಕೊಳ್ಳಬಹುದು. ಬೆಸುಗೆಯನ್ನು ನನ್ನಂಥವನು ಬಿಚ್ಚಲಾರನು.

ಆದರೆ ಅದರಲ್ಲಿಯೂ ಒಂದು ಕೊಕ್ಕೆ ಇದ್ದಿತು. ಅಗ್ಗದ ಕೆಲವು ಮಣೆಗಳ ತೂತುಗಳು ಬಹಳ ಕಿರಿದು. ಔಟೆಮು ಎಂಬ ಚೀನದ ಕಂಪನಿಯ ಸ್ವಿಚ್ಚುಗಳ ತೆಳುಗಾಲುಗಳು ಮಾತ್ರ ಅವುಗಳಲ್ಲಿ ಇಳಿಯುತ್ತವೆ. ನನ್ನದು ಆ ಜಾತಿಯದು. ಅದೃಷ್ಟವಶಾತ್ ಆ ಕಂಪನಿಯೇ ಸದ್ದಡಗಿಸಿದ ಸ್ವಿಚ್ಚುಗಳನ್ನೂ ಮಾಡುತ್ತದೆ, ಬೆಲೆಯೂ ಕಡಿಮೆ. ಪೀಚ್ ಹಣ್ಣಿನ ಹೆಸರಿನದು ಉಬ್ಬಿಲ್ಲದ್ದು; ಲೆಮನ್, ಎಂದರೆ ನಿಂಬೆಯ ಹೆಸರಿನದು ಉಬ್ಬಿರುವುದು. ಒಂದಕ್ಕೆ ೨೫ ರೂಪಾಯಿಯಂತೆ ೮೭ಕ್ಕೆ ಲೆಕ್ಕ ಹಾಕಿದರೆ ನಿಗದಿಯಾದ ಮೊತ್ತವು ಮೀರುತ್ತಿದ್ದಿತು. ಆಗ ನಾನು ಮೇಷ್ಟರ ಬುದ್ಧಿಯನ್ನು ಉಪಯೋಗಿಸಿ, ಬರೆಯುವಾಗ ಎಷ್ಟು ಕೀಲಿಗಳು ನಿಜವಾಗಿ ಬೇಕೆಂದು ಎಣಿಸಿದೆನು. ಕೆಳಗಿನ ಐದು ಸಾಲುಗಳಲ್ಲಿ ೬೧, ಬಾಣದ ಗುರುತಿನವು ೪, ಒಟ್ಟು ೬೫. ಹತ್ತರ ಏಳು ಪೊಟ್ಟಣಗಳಿಗೆ ೧,೭೫೦ ರೂಪಾಯಿಯಾಯಿತು. ನಿಶ್ಚಯಿಸಿದ್ದಕ್ಕಿಂತ ೫೦ ರೂಪಾಯಿ ಹೆಚ್ಚು. ಅದನ್ನು ಮನೆಯಾಕೆ ಮನ್ನಾ ಮಾಡಿದಳು.

ಸ್ವಿಚ್ಚುಗಳನ್ನು ನಾನೇ ಕೂರಿಸಿದೆನು. ಅವುಗಳ ಕಾಲುಗಳು ದರ್ಭೆಯ ತುದಿಯಂತೆ ಸೂಕ್ಷ್ಮ. ನೇರವಾಗಿ ಇಳಿಸದಿದ್ದರೆ ಮಡಚಿಕೊಳ್ಳುತ್ತವೆ. ಮಡಚಿಕೊಂಡುದು ಮೇಲಿನಿಂದ ಕಾಣಿಸುವುದಿಲ್ಲ. ಎಲ್ಲ ಮುಗಿಸಿ ಬರೆಯತೊಡಗಿದರೆ ಹಕಾರವೇ ಮೂಡಲಿಲ್ಲ. ಕಿತ್ತು, ಕಾಲನ್ನು ಚಿಮಟದಿಂದ ನೆಟ್ಟಗೆ ಮಾಡಿ, ಮತ್ತೆ ಕೂರಿಸಿದ ಮೇಲೆ ಸರಿಹೋಯಿತು. ಅಕ್ಷರಗಳ ಸದ್ದು ಅಡಗಿದರೂ ಪದಗಳ ನಡುವೆ ಜಾಗ ಬಿಡುವ ಉದ್ದನೆಯ ಕೀಲಿ ಮಾತ್ರ ‘ದಡ ದಡ’ ಎನ್ನುತ್ತಲೇ ಇದ್ದಿತು. ಅದರ ಎರಡು ತುದಿಗಳನ್ನು ಸಮವಾಗಿ ಹಿಡಿಯುವ ತಂತಿ ಅದಿರುವುದೇ ಕಾರಣ. ಅಳಿಯನು ತಂತಿಯ ತುದಿಗಳಿಗೆ ಸಿಲಿಕೋನಿನ ಜಿಡ್ಡನ್ನು ಹಚ್ಚಿಕೊಟ್ಟನು. ಮೇಜಿನ ಹಲಗೆಯು ವೀಣೆಯ ಕೊಡದಂತೆ ಸದ್ದನ್ನು ಹೆಚ್ಚಿಸುತ್ತಿದ್ದುದರಿಂದ ಹಳೆಯ ಪಂಚೆಯೊಂದನ್ನು ನಾಲ್ಕು ಮಡಿಕೆ ಮಾಡಿ ಮಣೆಯ ಕೆಳಗೆ ಹಾಸಿದೆನು. ಇದಕ್ಕೆ ಖರ್ಚಿಲ್ಲ, ಪ್ರಯೋಜನವೋ ಜಿಡ್ಡಿಗಿಂತ ಹೆಚ್ಚು.

ದೋಷವೇ ಇಲ್ಲವೆಂದು ಹೇಳಲಾರೆ. ತಳ ಮುಟ್ಟಿದಾಗ ಕೀಲಿ ಹಿಟ್ಟಿನ ಮೇಲೆ ಬೆರಳಿಟ್ಟಂತೆ ಮೆತ್ತಗಿರುತ್ತದೆ; ಅಳಿಯನಂಥವರಿಗೆ ಅದು ಹಿಡಿಸದು. ಸದ್ದು ಪೂರ್ತಿ ಅಡಗಿಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಅವರೆಕಾಳು ಸುಲಿಯುತ್ತಿರುವಷ್ಟು ಉಳಿದಿದೆ. ಆದರೆ ಎಫ್ ಕೀಲಿಯ ಮೇಲೆ ಬೆರಳು ಇಳಿದಾಗಲೆಲ್ಲ ಆ ಚಿಕ್ಕ ತಡೆಯು, ಆಯಿತು, ಮುಂದಕ್ಕೆ ಹೋಗು, ಎಂದು ಹೇಳಿದಂತಾಗುತ್ತದೆ. ಬೆಳಗ್ಗೆ ನಾಲ್ಕೈದು ಪುಟಗಳು ಸಾಗುತ್ತಿವೆ. ಸಂಜೆ ತಿದ್ದುವಾಗ ಪುಟಕ್ಕೆ ಒಂದೋ ಎರಡೋ ತಪ್ಪು ಸಿಕ್ಕಿದರೆ ಹೆಚ್ಚು. ಐದು ಪುಸ್ತಕಗಳು ಮುಗಿದಿವೆ. ಆರನೆಯದರಲ್ಲಿ ಸಮಾಸಪ್ರಕರಣದ ಹಾಳೆಗಳು ಬಹಳ ಹದಗೆಟ್ಟಿರುವುದರಿಂದ ಅದನ್ನು ಈ ಚಳಿಗಾಲದಲ್ಲಿಯೇ ಮುಗಿಸಬೇಕು.

ಮೇಲಿನ ಸಾಲಿನಲ್ಲಿಯೂ ಬಲಮೂಲೆಯಲ್ಲಿಯೂ ಉಳಿದ ೨೨ ಕೀಲಿಗಳಲ್ಲಿ ನೀಲಿ ಸ್ವಿಚ್ಚುಗಳೇ ಇವೆ. ಅವುಗಳಿಂದ ನನಗೆ ಕೆಲಸವಿಲ್ಲ, ಒಂದರ ಹೊರತು. ಬೆಳಕು ಹರಿದು ಬರವಣಿಗೆ ಮುಗಿದಮೇಲೆ ಎಡಮೂಲೆಯ ಎಸ್ಕೇಪ್ ಕೀಲಿಯನ್ನು ಒಂದು ಸಲ ಒತ್ತುತ್ತೇನೆ. ‘ಟಿಕ್’ ಎನ್ನುತ್ತದೆ. ಎಚ್ಚರವಾಗಿದ್ದರೆ ಪರದೆಯ ಆಚೆಯಿಂದ, ‘ಮುಗಿಯಿತೇ? ಕಾಫಿಗೆ ಇಡಲೇ?’ ಎಂಬ ಮಾತು ಬರುತ್ತದೆ. ಮಲಗಿದ್ದರೆ ಬರುವುದಿಲ್ಲ, ಆ ದಿನ ಕಾಫಿಯನ್ನು ನಾನೇ ಮಾಡುತ್ತೇನೆ.