ತಂಗಿ ಕ್ಲಾಸಿನ ಹಳೇ ಸರ್ವರ್

ಮನ್ಯಾಗಿನ ಹಳೇ ಸಾಮಾನಿನ ವಿಷಯಕ್ಕ ಬಂದ್ರ ನಾವು ಹೆಣ್ಣುಮಕ್ಕಳು ಲಗೂನ ಗುಜರಿಯವನ್ನ ಕರಿಯೋದಿಲ್ಲ ನೋಡ್ರಿ. ಮಿಕ್ಸರ್ ನಿಂತ್ರ ಮೊದಲ ಜಾರ್ ಸರಿ ಕೂತದೋ ಇಲ್ಲೋ ನೋಡ್ತೇವಿ, ಆಮ್ಯಾಲೆ ಪ್ಲಗ್, ಆಮ್ಯಾಲೆ ತಳದಾಗಿನ ಕೆಂಪು ಬಟನ್. ಹೋದ ತಿಂಗಳು ಹುಬ್ಬಳ್ಳ್ಯಾಗ ನಮ್ಮ ತಂಗಿ ಮನ್ಯಾಗ ಎರಡು ದಿವಸ ಕೂತು ನಾ ಮಾಡಿದ್ದೂ ಇಷ್ಟ. ಸಾಮಾನು ಮಾತ್ರ ಸ್ವಲ್ಪ ದೊಡ್ಡದಿತ್ತು.

ತಂಗಿ ಮ್ಯಾಲಿನ ಖೋಲ್ಯಾಗ ಓಣಿ ಹುಡುಗ್ಯಾರಿಗೆ ಕಂಪ್ಯೂಟರ್ ಕ್ಲಾಸ್ ನಡಸ್ತಾಳ. ಬಂದ್ ಆದ ಒಂದು ಆಫೀಸಿನವ್ರು ಅಕಿಗೆ ಹಳೇ ರ‍್ಯಾಕ್ ಸರ್ವರ್ ಕೊಟ್ಟಿದ್ರು. ಅಂದ್ರ ಕಪಾಟಿನ್ಯಾಗ ಒಂದರ ಮ್ಯಾಲೊಂದು ಸೇರಸೋ ಚಪ್ಪಟಿ ಕಂಪ್ಯೂಟರ್. ಇದು 2ಯು, ಎತ್ತರ ಮೂರೂವರಿ ಇಂಚಷ್ಟ, ಆದ್ರ ಎತ್ತಲಿಕ್ಕೆ ಇಬ್ಬರು ಬೇಕು. ಅದಕ್ಕ ಲಿನಕ್ಸ್ ಹಾಕಿ ಹುಡುಗ್ಯಾರಿಗೆ ಕಲಸಬೇಕು ಅಂತ ಅಕಿ ಆಸೆ. ಹಾಕ್ಲಿಕ್ಕೆ ಹೋದ್ರ ಡಿಸ್ಕ್ ಇಲ್ಲ ಅಂತಿತ್ತು. ರಿಪೇರಿಯವ ನೋಡಿ "ಕಿಲೋ ಲೆಕ್ಕದಾಗ ಮಾರಿಬಿಡ್ರಿ" ಅಂದ. ಹೊಸಾದು ತಗೊಳ್ಳಿಕ್ಕೆ ರೊಕ್ಕ ಇಲ್ಲ. ಅವರ ಮನಿಯವ್ರು ಬ್ಯಾರೆ "ಆ ಖೋಲಿ ಬಾಡಿಗಿಗೆ ಕೊಡೋಣು" ಅಂತ ಶುರು ಮಾಡಿದ್ರು. ಸರ್ವರ್ ಜೋಡಿ ಕ್ಲಾಸೂ ಗುಜರಿಗೆ ಹೋಗೋ ಹಂಗಿತ್ತು. ಲಗ್ನಕ್ಕ ಮೊದಲ ಆರು ವರ್ಷ ನಾ ಇದ ಕೆಲಸ ಮಾಡಿದಾಕಿ, ಅದಕ್ಕ ನನಗ ಫೋನ್ ಹಚ್ಚಿದ್ಲು.

"ಅಕ್ಕಾ, ಡಿಸ್ಕ್ ಸತ್ತಾವೇನ?"

"ಮುಂದಿನ ದೀಪ ಹಸರ ಅದಾವಲ್ಲ, ತಡಿ."

ಇಂಥಾ ಸರ್ವರ್‌ನ್ಯಾಗ ಡಿಸ್ಕ್ ಮತ್ತ ಲಿನಕ್ಸಿನ ನಡುವ ರೇಡ್ ಕಾರ್ಡ್ ಅಂತ ಒಂದಿರ್ತದ. ಥೇಟ್ ಅತ್ತಿ ಇದ್ದಂಗ! ಡಬ್ಬಿ ಎಲ್ಲಾ ಅಕಿ ಕೈಯಾಗ, ಅಕಿ ತಗದು ಕೊಟ್ಟಷ್ಟ ಸೊಸಿಗೆ ಕಾಣಸ್ತದ. ಶುರುವಾಗೋ ಮುಂದ ಪರದೆ ಮ್ಯಾಲೆ "ಕಂಟ್ರೋಲ್ ಆರ್ ಒತ್ತು" ಅಂತ ಎರಡು ಕ್ಷಣ ಬಂದು ಹೋತು. ಒತ್ತಿ ಒಳಗ ಹೋದ್ರ ನಾಲ್ಕೂ ಡಿಸ್ಕ್ ಛಲೋ ಅದಾವ! ಹಳೇ ಆಫೀಸಿನವ್ರು ಎಲ್ಲಾ ಅಳಿಸಿ ಕೊಟ್ಟಿದ್ರು, ಹಿಂಗಾಗಿ ಲಿನಕ್ಸಿಗೆ ತೋರಸೋ ವರ್ಚುವಲ್ ಡಿಸ್ಕ್ ಒಂದೂ ಉಳದಿರಲಿಲ್ಲ. ಎರಡು ಡಿಸ್ಕ್ ಸೇರಿಸಿ ರೇಡ್ 1 ಮಾಡಿದೆ. ಎರಡರಾಗೂ ಅದ ಮಾಹಿತಿ ಇರ್ತದ, ಒಂದು ಹೋದ್ರೂ ಕೆಲಸ ನಿಲ್ಲೋದಿಲ್ಲ. ಆದ್ರ ಹಿಂಗ ಮಾಡಿದ್ರ ಡಿಸ್ಕಿನಾಗ ಮೊದಲಿದ್ದದ್ದು ಹೋಗ್ತದ, ಕೇಳಿಕೊಂಡ ಕೈ ಹಚ್ಚಬೇಕು.

ಮುಂದ ನೆಟ್‌ವರ್ಕ್ ಇಲ್ಲ ಅಂತು. ತಂಗಿ ಕೇಬಲ್, ಪೆನ್‌ಡ್ರೈವ್, ಸ್ವಿಚ್ ಎಲ್ಲಾ ಒಮ್ಮೆಲೆ ಬದಲ ಮಾಡೋಣು ಅಂದ್ಲು. ಇಡ್ಲಿ ಗಟ್ಟಿ ಆದ್ರ ಅಕ್ಕಿ, ಉದ್ದು, ಒಲಿ ಮೂರೂ ಬದಲ ಮಾಡಿದ್ರ ಯಾವುದರಿಂದ ಮೆತ್ತಗಾತು ಅಂತ ಹೆಂಗ ಗೊತ್ತಾಗಬೇಕು? ಪರದೆ ಓದಿದ್ವಿ. ಬಿಎನ್‌ಎಕ್ಸ್2 ಅನ್ನೋ ಫೈಲ್ ಕೇಳ್ಲಿಕತ್ತಿತ್ತು. ಅದು ಆ ಬ್ರಾಡ್‌ಕಾಮ್ ಕಾರ್ಡಿನ ಫರ್ಮ್‌ವೇರ್, ಅಂದ್ರ ಕಾರ್ಡ್ ಎಚ್ಚರಾಗಲಿಕ್ಕೆ ಬೇಕಾದ ಸಣ್ಣ ಪ್ರೋಗ್ರಾಂ. ತಂಗಿ ಕಡೆ ಇದ್ದದ್ದು ಡೆಬಿಯನ್‌ನ ಹಳೇ ಇನ್‌ಸ್ಟಾಲರ್. 2023ರ ಜೂನಿನಾಗ ಬಂದ ಡೆಬಿಯನ್ 12ರಿಂದ ಇಂಥಾ ಫರ್ಮ್‌ವೇರ್ ಇನ್‌ಸ್ಟಾಲರ್ ಜೋಡಿನ ಬರ್ತದ. ಹೊಸಾ ಪೆನ್‌ಡ್ರೈವ್ ಮಾಡಿದ್ವಿ, ನೆಟ್‌ವರ್ಕ್ ಬಂತು.

ಎಲ್ಲಾ ಮುಗದು ಪೆನ್‌ಡ್ರೈವ್ ತಗದ್ರ ಮತ್ತ ಕರೀ ಪರದೆ! ತಂಗಿ ಕಣ್ಣಾಗ ನೀರ ಬಂದ್ವು. ಆದ್ರ ಇದು ಭಾಳ ಮಂದಿಗೆ ಬರೋ ಗಂಟು. ಸರ್ವರ್ ಚಾಲೂ ಆಗೋದು ಎರಡು ದಾರ್ಯಾಗ, ಹಳೇದು ಬಯೋಸ್, ಹೊಸಾದು ಯುಇಎಫ್‌ಐ. ಪೆನ್‌ಡ್ರೈವ್ ಯುಇಎಫ್‌ಐ ದಾರ್ಯಾಗ ಎದ್ದಿತ್ತು, ಸರ್ವರ್ ಸೆಟಿಂಗ್ ಬಯೋಸ್ ಅಂತಿತ್ತು. ಮುಂದಿನ ಬಾಗಲಕ್ಕ ಕೀಲಿ ಹಾಕಿ ಹಿತ್ತಲ ಬಾಗಲಾ ಬಡದಂಗ. ಎರಡೂ ಬಯೋಸ್ ಮಾಡಿ ಇನ್ನೊಮ್ಮೆ ಹಾಕಿದ್ವಿ. ಸಂಜಿ ದೀಪಾ ಹಚ್ಚೋ ಹೊತ್ತಿಗೆ ಲಾಗಿನ್ ಅಂತ ಬಂತು.

"ಕರೆಂಟ್ ಬಿಲ್ ಯಾರು ತುಂಬವ್ರು?" ಅಂದ್ರು ಅವರ ಮನಿಯವ್ರು. ಕೇಳಬೇಕಾದ ಮಾತ ಅದು. ಮೀಟರ್ ಹಚ್ಚಿ ನೋಡಿದ್ವಿ, ಸುಮ್ಮನ ಕೂತಾಗ 150 ವ್ಯಾಟ್. ಹಗಲೂ ರಾತ್ರಿ ಬಿಟ್ರ ದಿನಕ್ಕ 3.6 ಯೂನಿಟ್, ಕ್ಲಾಸಿನ ಮೂರು ತಾಸು ಹಚ್ಚಿದ್ರ ಅರ್ಧ ಯೂನಿಟ್ಟೂ ಇಲ್ಲ. ಲೆಕ್ಕ ಕೇಳಿ "ಈ ವರ್ಷ ನಡೀಲಿ" ಅಂದ್ರು. ಬಾಡಿಗಿ ಮಾತು ಅಲ್ಲಿಗೇ ನಿಂತದ.

ಮೊನ್ನೆ ಕೀಬೋರ್ಡ್ ತಗದಿಟ್ಟಾಗ ಸರ್ವರ್ ಮತ್ತ ನಿಂತಿತ್ತಂತ. ಎಂಟನೇತ್ತಾ ಓದೋ ಒಂದು ಹುಡುಗಿ ಪರದೆ ಪೂರಾ ಓದಿ, "ಟೀಚರ್, ಕೀಬೋರ್ಡ್ ಇಲ್ಲ, ಎಫ್1 ಒತ್ರಿ ಅಂತದ" ಅಂದು, ಸೆಟಿಂಗ್‌ನ್ಯಾಗ ಹೋಗಿ ಆ ತಕರಾರು ಬಂದ್ ಮಾಡ್ಯಾಳ. ನನಗ ಫೋನ್ ಬಂದದ್ದು ಎಲ್ಲಾ ಮುಗದ ಮ್ಯಾಲೆ.